ಭಾನುವಾರ ಮಕ್ಕಳ ಜೊತೆ ಎಲ್ಲಿಗೆ?

ತಾಯಿ: ಬೆಂಗಳೂರಿನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಲು ಮಾಲ್ ಬಿಟ್ಟರೆ ಬೇರೆ ಜಾಗವೇ ಇಲ್ಲ ಎಂಬ ಮಾತು ಅಪಾರ್ಟ್‌ಮೆಂಟುಗಳಲ್ಲಿ ಆಗಾಗ ಕೇಳಿಬರುತ್ತದೆ. ಅದರಲ್ಲಿ ಎಷ್ಟು ನಿಜ, ಮೇಷ್ಟ್ರೇ?

ಮೇಷ್ಟ್ರು: ಜಾಗಕ್ಕೇನೂ ಬರವಿಲ್ಲ. ತೊಡಕಿರುವುದು ಹೊತ್ತಿನಲ್ಲಿ. ದೊಡ್ಡವರು ಮೊದಲು ಜಾಗ ಗೊತ್ತುಮಾಡುತ್ತಾರೆ, ಆಮೇಲೆ ತಮಗೆ ಬಿಡುವಾದಾಗ ಹೊರಡುತ್ತಾರೆ. ಸ್ನಾನ, ತಿಂಡಿ ಮುಗಿಸಿ ಹನ್ನೊಂದಕ್ಕೆ ಮನೆ ಬಿಟ್ಟರೆ ಸಿಲ್ಕ್ ಬೋರ್ಡೋ ಹೆಬ್ಬಾಳವೋ ದಾಟಿ ಸೇರುವಷ್ಟರಲ್ಲಿ ಹನ್ನೆರಡೂವರೆ. ನಾಲ್ಕು ವರ್ಷದ ಮಗುವಿಗೆ ಅದು ಊಟದ ಹೊತ್ತು, ಅದರ ಬೆನ್ನಿಗೇ ನಿದ್ದೆಯ ಹೊತ್ತು. ಮಗು ರಚ್ಚೆ ಹಿಡಿಯುತ್ತದೆ, ಪಾರ್ಕು ಚೆನ್ನಾಗಿಲ್ಲ ಎಂದು ದೊಡ್ಡವರು ತೀರ್ಮಾನಿಸುತ್ತಾರೆ. ಅದೇ ಪಾರ್ಕಿಗೆ ಬೆಳಿಗ್ಗೆ ಏಳೂವರೆಗೆ ಹೋಗಿದ್ದರೆ ಆ ಮಾತು ಬರುತ್ತಿರಲಿಲ್ಲ.

ತಾಯಿ: ಹಾಗಾದರೆ ಮೊದಲು ನೋಡಬೇಕಾದ್ದು ಗಡಿಯಾರ.

ಮೇಷ್ಟ್ರು: ಗಡಿಯಾರ, ಜೊತೆಗೆ ಆಕಾಶ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಹಾಗಾಗಿ ವರ್ಷದ ಬಹುಪಾಲು ದಿನ ಬೆಳಗಿನ ಹೊತ್ತು ತಂಪಾಗಿಯೇ ಇರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗುಮಳೆ ಸಾಮಾನ್ಯವಾಗಿ ಮಧ್ಯಾಹ್ನ ಕಳೆದ ಮೇಲೆ ಸುರಿಯುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲೂ ಸಂಜೆಯ ಮಳೆಯನ್ನು ನಂಬುವಂತಿಲ್ಲ. ಮಳೆ ಬಿದ್ದರೆ ಅಂಡರ್‌ಪಾಸುಗಳಲ್ಲಿ ನೀರು ನಿಂತು ಅರ್ಧ ಗಂಟೆಯ ದಾರಿ ಎರಡು ಗಂಟೆಯಾಗುತ್ತದೆ. ಬಯಲಿನ ಜಾಗಗಳನ್ನು ಬೆಳಿಗ್ಗೆಗೆ, ಸೂರಿನಡಿಯ ಜಾಗಗಳನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡರೆ ಅರ್ಧ ರಗಳೆ ತಪ್ಪುತ್ತದೆ. ಇನ್ನೊಂದು: ದಿನಕ್ಕೆ ಒಂದೇ ಜಾಗ. ಬಂದದ್ದೇ ಬಂದೆವು, ಇನ್ನೂ ಎರಡು ನೋಡಿಬಿಡೋಣ ಎನ್ನುವುದು ದೊಡ್ಡವರ ಲೆಕ್ಕ. ಮಕ್ಕಳದ್ದಲ್ಲ.

ತಾಯಿ: ಬಯಲು ಎಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಕಬ್ಬನ್ ಪಾರ್ಕ್. ಮಕ್ಕಳಿಗೆಂದು ಅಲ್ಲಿ ಏನಿದೆ?

ಮೇಷ್ಟ್ರು: ಓಡಲು ನೆಲವಿದೆ. ಐದು ವರ್ಷದೊಳಗಿನವರಿಗೆ ಅದಕ್ಕಿಂತ ಹೆಚ್ಚೇನೂ ಬೇಕಿಲ್ಲ. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ 1870ರಲ್ಲಿ ರೂಪಿಸಿದ ತೋಟ ಇದು. 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ ಎಂಬ ಹೆಸರು ಬಂತು. ಆಟೋದವರಿಗೆ ಆ ಹೆಸರು ಹೇಳಿದರೆ ಮೈಸೂರಿನ ಮೃಗಾಲಯಕ್ಕೋ ಎಂದು ಕೇಳಿಯಾರು. ಭಾನುವಾರ ಒಳರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ಡಾಂಬರು ರಸ್ತೆಯ ನಟ್ಟನಡುವೆ ಮಕ್ಕಳು ಸೈಕಲ್ ಕಲಿಯುವುದನ್ನು, ಸ್ಕೇಟಿಂಗ್ ಮಾಡುವುದನ್ನು ಈ ಊರಿನಲ್ಲಿ ಬೇರೆಲ್ಲಿ ನೋಡಲು ಸಾಧ್ಯ? ಬಿದಿರು ಮೆಳೆಗಳಿವೆ, ಹತ್ತಲು ಹೆಬ್ಬಂಡೆಗಳಿವೆ, ತಬ್ಬಿದರೂ ಕೈಗೆ ಸಿಗದಷ್ಟು ದಪ್ಪದ ಮರಗಳಿವೆ. ಜನವರಿಯಿಂದ ಮಾರ್ಚ್‌ವರೆಗೆ ಹೋದರೆ ಟಬೂಬಿಯಾ ಮರಗಳು ಎಲೆ ಉದುರಿಸಿ ಗುಲಾಬಿ ಹೂ ಹೊತ್ತು ನಿಂತಿರುತ್ತವೆ. ಬಿದ್ದ ಹೂ ಆರಿಸುವುದರಲ್ಲೇ ಸಣ್ಣವರು ಒಂದು ಗಂಟೆ ಕಳೆಯುತ್ತಾರೆ.

ತಾಯಿ: ಅಲ್ಲಿನ ಬಾಲಭವನದ ಪುಟಾಣಿ ರೈಲು?

ಮೇಷ್ಟ್ರು: ಇಂದಿನ ಮಕ್ಕಳ ಅಪ್ಪ ಅಮ್ಮಂದಿರೂ ಹತ್ತಿದ ರೈಲು ಅದು. ಆದರೆ ಹಳೆಯ ವ್ಯವಸ್ಥೆಯಾದ್ದರಿಂದ ದುರಸ್ತಿಗೆಂದು ಆಗಾಗ ನಿಲ್ಲುತ್ತದೆ. ಓಡುತ್ತಿದೆಯೇ ಎಂದು ವಿಚಾರಿಸದೆ ಮನೆಯಲ್ಲೇ ರೈಲಿನ ಆಸೆ ಹುಟ್ಟಿಸಬಾರದು. ಜೋಕಾಲಿ, ಜಾರುಬಂಡೆಯ ಆಸೆಯನ್ನಷ್ಟೇ ತೋರಿಸಿ, ರೈಲು ಸಿಕ್ಕರೆ ಅದು ಲಾಭ ಎಂದಿಟ್ಟುಕೊಳ್ಳುವುದು ಜಾಣತನ. ಪಾರ್ಕಿನೊಳಗಿನ ಕೆಂಪು ಕಟ್ಟಡ, 1915ರಲ್ಲಿ ಎದ್ದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಈಗ ರಾಜ್ಯ ಕೇಂದ್ರ ಗ್ರಂಥಾಲಯ. ಮಕ್ಕಳಿಗೆಂದೇ ಬೇರೆಯಾಗಿ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯವಿದೆ. ಅಲ್ಲಿಗೆ ಹೋಗುವವರು ಕಡಿಮೆ. ಬಿಸಿಲೇರಿದ ಮೇಲೆ ಒಂದು ಗಂಟೆ ನೆರಳಲ್ಲಿ ಕೂರಲು ಅಷ್ಟು ಒಳ್ಳೆಯ ಜಾಗ ಮತ್ತೊಂದಿಲ್ಲ. ಸೋಮವಾರ ಬಾಗಿಲು ಹಾಕಿರುತ್ತದೆ. ಹೊರಡುವ ಮುನ್ನ ಇನ್ನೂ ಒಂದು ವಿಷಯ ನೋಡಿಕೊಳ್ಳಬೇಕು. ಪಕ್ಕದ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಂದ್ಯವಿದ್ದರೆ ಆ ದಿನ ಸುತ್ತಮುತ್ತ ಕಾಲಿಡುವುದು ಬೇಡ.

ತಾಯಿ: ಲಾಲ್‌ಬಾಗೂ ಹೀಗೆಯೇ ಒಂದು ಪಾರ್ಕು ತಾನೇ?

ಮೇಷ್ಟ್ರು: ಅಲ್ಲ, ಅದು ಸಸ್ಯತೋಟ. ಅಲ್ಲಿ ಓಡುವುದಕ್ಕಿಂತ ನೋಡುವುದು ಹೆಚ್ಚು. ಹೈದರಾಲಿ 1760ರಲ್ಲಿ ಶುರುಮಾಡಿದ್ದು, ಈಗ 240 ಎಕರೆ. ಆರು ವರ್ಷ ದಾಟಿದ ಮಕ್ಕಳನ್ನು ಗಾಜಿನ ಮನೆಗಿಂತ ಮೊದಲು ಬಂಡೆಯ ಹತ್ತಿರ ಕರೆದೊಯ್ಯಬೇಕು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಈ ಅಂಕಿ ಮಗುವಿಗೆ ಅರ್ಥವಾಗುವುದಿಲ್ಲ. ಆದರೆ ಡೈನೋಸಾರ್ ಎಲ್ಲ ಮಕ್ಕಳಿಗೂ ಗೊತ್ತು. ಭೂಮಿಯ ಮೇಲೆ ಡೈನೋಸಾರ್‌ಗಳು ಕಾಣಿಸಿಕೊಂಡದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಅವು ಹುಟ್ಟುವ ಹೊತ್ತಿಗೇ ಈ ಬಂಡೆ ಮುದಿಯಾಗಿತ್ತು ಎಂದರೆ ಮಗು ಬಂಡೆಯನ್ನು ಕೈಯಿಂದ ಮುಟ್ಟಿ ನೋಡುತ್ತದೆ.

ತಾಯಿ: ಬಂಡೆಯ ಮೇಲಿನ ಗೋಪುರ ಕೆಂಪೇಗೌಡರದ್ದಲ್ಲವೇ?

ಮೇಷ್ಟ್ರು: ಹೌದು, ಊರಿನ ಎಲ್ಲೆಯನ್ನು ಸೂಚಿಸಲು ನಾಲ್ಕು ದಿಕ್ಕಿನಲ್ಲಿ ಕಟ್ಟಿಸಿದ ಗೋಪುರಗಳಲ್ಲಿ ಒಂದು ಎಂಬ ಪ್ರತೀತಿ ಇದೆ. ಹಲಸೂರು ಕೆರೆಯ ಬಳಿ, ಕೆಂಪಾಂಬುಧಿ ಕೆರೆಯ ಬಳಿ, ಮೇಖ್ರಿ ವೃತ್ತದ ಬಳಿ ಉಳಿದ ಮೂರಿವೆ. ಹತ್ತು ಹನ್ನೊಂದು ವರ್ಷದವರಿಗೆ ನಾಲ್ಕು ಭಾನುವಾರ ನಾಲ್ಕು ಗೋಪುರ ತೋರಿಸಿ ನಕ್ಷೆಯಲ್ಲಿ ಗುರುತು ಹಾಕಿಸಿದರೆ ಹಳೆಯ ಊರು ಎಷ್ಟು ಚಿಕ್ಕದಿತ್ತು ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ. ಬಂಡೆಗೆ ಬೆಳಿಗ್ಗೆಯೇ ಹೋಗಬೇಕು. ಹತ್ತು ಗಂಟೆಯ ಮೇಲೆ ಕಾದು ಕಾಲು ಸುಡುತ್ತದೆ. ಮಳೆಯಲ್ಲಿ ಜಾರುತ್ತದೆ.

ತಾಯಿ: ಫಲಪುಷ್ಪ ಪ್ರದರ್ಶನಕ್ಕೆ ಮಕ್ಕಳನ್ನು ಕರೆದೊಯ್ಯುವುದು ವಾಡಿಕೆ.

ಮೇಷ್ಟ್ರು: ಗಣರಾಜ್ಯೋತ್ಸವಕ್ಕೊಮ್ಮೆ, ಸ್ವಾತಂತ್ರ್ಯ ದಿನಕ್ಕೊಮ್ಮೆ ನಡೆಯುವ ಆ ಪ್ರದರ್ಶನದಲ್ಲಿ, ರಜೆಯ ದಿನವಾದರೆ, ಮೂರಡಿ ಎತ್ತರದ ಮಗುವಿಗೆ ಕಾಣುವುದು ಹೂವಲ್ಲ, ಮುಂದೆ ನಿಂತವರ ಸೊಂಟ. ಹೋಗಲೇಬೇಕೆಂದರೆ ವಾರದ ನಡುವಿನ ದಿನ, ಬಾಗಿಲು ತೆರೆದ ತಕ್ಷಣ ಹೋಗಬೇಕು. 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆಯನ್ನು ಪ್ರದರ್ಶನವಿಲ್ಲದ ದಿನ ನೋಡುವುದೇ ಚೆಂದ. ಒಳಗಿನ ಕಬ್ಬಿಣದ ಕಂಬ, ಕಮಾನುಗಳೆಲ್ಲ ಆಗ ಕಾಣುತ್ತವೆ.

ತಾಯಿ: ಮಧ್ಯಾಹ್ನಕ್ಕೆ ಸೂರಿನಡಿಯ ಜಾಗ ಎಂದಿರಿ. ಮ್ಯೂಸಿಯಂ ಎಂದರೆ ಮಕ್ಕಳು ಮುಖ ಸಿಂಡರಿಸುತ್ತಾರೆ.

ಮೇಷ್ಟ್ರು: ಮುಟ್ಟಬೇಡ ಎನ್ನುವ ಮ್ಯೂಸಿಯಂ ಆದರೆ ಸಿಂಡರಿಸುವುದು ಸರಿಯೇ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಹಾಗಲ್ಲ. 1962ರಲ್ಲಿ ನೆಹರೂ ಉದ್ಘಾಟಿಸಿದ್ದು. ಗುಂಡಿ ಒತ್ತಿದರೆ, ಹಿಡಿ ತಿರುಗಿಸಿದರೆ ಏನಾದರೊಂದು ಚಲಿಸುತ್ತದೆ. ರೈಟ್ ಸಹೋದರರ ವಿಮಾನದ ನಿಜಗಾತ್ರದ ಮಾದರಿ ಇದೆ. ಎಂಜಿನ್‌ಗಳದ್ದೇ ಒಂದು ವಿಭಾಗವಿದೆ, ಏಳರಿಂದ ಹನ್ನೆರಡರ ವಯಸ್ಸಿನವರನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟ. ಎಲ್ಲ ಮಹಡಿಯನ್ನೂ ಒಂದೇ ದಿನ ಮುಗಿಸುವ ಹಟ ಬೇಡ. ಒಂದು ಮಹಡಿ ನೋಡಿ, ಇನ್ನೊಂದನ್ನು ಮುಂದಿನ ತಿಂಗಳಿಗೆ ಉಳಿಸಿಕೊಂಡರೆ ಮಕ್ಕಳೇ ಮತ್ತೆ ಕೇಳುತ್ತಾರೆ.

ತಾಯಿ: ತಾರಾಲಯಕ್ಕೆ ಎಷ್ಟು ವಯಸ್ಸಾಗಿರಬೇಕು?

ಮೇಷ್ಟ್ರು: ಕತ್ತಲೆಗೆ ಹೆದರದ ವಯಸ್ಸಾಗಿದ್ದರೆ ಸಾಕು. ಸಾಮಾನ್ಯವಾಗಿ ಐದಾರು. 1989ರಲ್ಲಿ ಶುರುವಾದ ಜವಾಹರಲಾಲ್ ನೆಹರು ತಾರಾಲಯದಲ್ಲಿ ಕನ್ನಡ ಪ್ರದರ್ಶನ ಬೇರೆ, ಇಂಗ್ಲಿಷ್ ಪ್ರದರ್ಶನ ಬೇರೆ. ಹೊತ್ತು ನೋಡಿಕೊಂಡು ಟಿಕೆಟ್ ತೆಗೆದುಕೊಳ್ಳಬೇಕು. ಹೊರಗಿನ ವಿಜ್ಞಾನ ಉದ್ಯಾನವನ್ನು ಅನೇಕರು ನೋಡದೆಯೇ ಹೊರಟುಬಿಡುತ್ತಾರೆ. ಪ್ರದರ್ಶನಕ್ಕೆ ಒಂದು ಗಂಟೆ ಮೊದಲು ಬಂದರೆ ಆ ಹೊತ್ತು ಅಲ್ಲಿಯೇ ಸಲ್ಲುತ್ತದೆ. ಸೋಮವಾರ ರಜೆ. ವಿಮಾನದ ಹುಚ್ಚಿರುವ ಮಕ್ಕಳಿಗೆ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಎಚ್‌ಎಎಲ್ ವಸ್ತುಸಂಗ್ರಹಾಲಯವಿದೆ. ಮಿಗ್-21 ಇದೆ, ಬೆಂಗಳೂರಿನಲ್ಲೇ ತಯಾರಾದ ಮಾರುತ್ ಯುದ್ಧವಿಮಾನವಿದೆ. ಮಾರತ್ತಹಳ್ಳಿ, ವೈಟ್‌ಫೀಲ್ಡ್ ಕಡೆಯವರು ಊರ ನಡುವಿಗೆ ಬರುವ ಬದಲು ಅಲ್ಲಿಗೇ ಹೋಗಬಹುದು. ಜೆ.ಪಿ. ನಗರದ ಕಡೆಯವರಿಗೆ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಹತ್ತಿರ. ಅದರ ಅಂಗಳದಲ್ಲಿ ಕಲ್ಲನ್ನು, ಲೋಹವನ್ನು ಬಡಿದು ನಾದ ಹೊರಡಿಸುವ ತೋಟವಿದೆ. ಗದ್ದಲ ಮಾಡಬೇಡ ಎಂದು ಯಾರೂ ಹೇಳದ ಮ್ಯೂಸಿಯಂ ಅದೊಂದೇ ಇರಬೇಕು. ಅದಕ್ಕೂ ಸೋಮವಾರ ರಜೆ.

ತಾಯಿ: ನಾಟಕ?

ಮೇಷ್ಟ್ರು: ಜೆ.ಪಿ. ನಗರದಲ್ಲೇ ರಂಗಶಂಕರ ಇದೆ. ಶಂಕರ್ ನಾಗ್ ನೆನಪಿಗಾಗಿ ಅರುಂಧತಿ ನಾಗ್ ಕಟ್ಟಿ 2004ರಲ್ಲಿ ತೆರೆದ ರಂಗಮಂದಿರ. ‘ಆಹಾ!’ ಎಂಬ ಹೆಸರಿನಲ್ಲಿ ಮಕ್ಕಳ ನಾಟಕಗಳನ್ನು ಆಡಿಸುತ್ತದೆ. ಯಾವ ನಾಟಕ ಯಾವ ವಯಸ್ಸಿಗೆ ಎಂದು ಮೊದಲೇ ಹೇಳಿರುತ್ತಾರೆ. ಆ ಮಾತನ್ನು ಕಡೆಗಣಿಸಿ ಮೂರು ವರ್ಷದ ತಮ್ಮನನ್ನೂ ಕೂರಿಸಿದರೆ ಎಂಟು ವರ್ಷದ ಅಕ್ಕನಿಗೂ ನಾಟಕ ದಕ್ಕುವುದಿಲ್ಲ. ತಡವಾಗಿ ಬಂದವರನ್ನು ಅಲ್ಲಿ ಒಳಗೆ ಬಿಡುವುದಿಲ್ಲ. ಬೆಂಗಳೂರಿನ ಟ್ರಾಫಿಕ್ ಎಂಬ ನೆಪ ನಡೆಯದ ಅಪರೂಪದ ಜಾಗ.

ತಾಯಿ: ಹದಿಮೂರು ದಾಟಿದವರು ಇದೊಂದಕ್ಕೂ ಬರುವುದಿಲ್ಲ ಎನ್ನುತ್ತಾರೆ.

ಮೇಷ್ಟ್ರು: ಅಪ್ಪ ಅಮ್ಮ ತೋರಿಸಿದ್ದನ್ನು ನೋಡುವುದು ಅವರಿಗೆ ಬೇಡವಾಗಿರುತ್ತದೆ, ಅಷ್ಟೇ. ದಾರಿ, ಖರ್ಚು, ಊಟ ಮೂರನ್ನೂ ಅವರಿಗೇ ಒಪ್ಪಿಸಿದರೆ ಬರುತ್ತಾರೆ. ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಗಳು ಆ ವಯಸ್ಸಿಗೆ ಹೇಳಿ ಮಾಡಿಸಿದಂತಿವೆ. ಫ್ರೀಡಂ ಪಾರ್ಕ್ ಕೂಡ ಅವರಿಗೇ ಸೂಕ್ತ. ಅದು ಮೊದಲು ಕೇಂದ್ರ ಕಾರಾಗೃಹವಾಗಿತ್ತು. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಇಟ್ಟಿದ್ದ ಜೈಲು. ಖೈದಿಗಳ ಕೋಣೆಗಳು, ಕಾವಲುಗೋಪುರ ಉಳಿದಿವೆ. ಪಠ್ಯದಲ್ಲಿ ಒಂದು ಪ್ಯಾರಾದಲ್ಲಿ ಮುಗಿಯುವ ವಿಷಯ ಅಲ್ಲಿ ಬಾಗಿಲಿನ ಸರಳಿನಷ್ಟು ಗಟ್ಟಿಯಾಗುತ್ತದೆ.

ತಾಯಿ: ಇಷ್ಟೆಲ್ಲ ಇದ್ದರೂ ಹೋಗುವುದು ಹೇಗೆ? ಮಗುವನ್ನು ಎತ್ತಿಕೊಂಡು ಬಸ್ಸಿನಲ್ಲಿ ನಿಂತು ಹೋಗಲಾಗದು. ಫುಟ್‌ಪಾತಿನಲ್ಲಿ ಸ್ಟ್ರಾಲರ್ ತಳ್ಳುವುದಂತೂ ದೂರದ ಮಾತು.

ಮೇಷ್ಟ್ರು: ಸ್ಟ್ರಾಲರ್ ಈ ಊರಿನ ಫುಟ್‌ಪಾತಿಗೆ ಒಗ್ಗುವುದಿಲ್ಲ, ನಿಜ. ಹಾಸುಗಲ್ಲು ಎದ್ದಿರುತ್ತದೆ, ಟ್ರಾನ್ಸ್‌ಫಾರ್ಮರ್ ಅಡ್ಡ ನಿಂತಿರುತ್ತದೆ. ಎದೆಗೆ ಕಟ್ಟಿಕೊಳ್ಳುವ ಚೀಲ ವಾಸಿ. ಮೆಟ್ರೋ ಮಾತ್ರ ಲೆಕ್ಕಾಚಾರವನ್ನೇ ಬದಲಿಸಿದೆ. 2011ರಲ್ಲಿ ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಹೊರಟ ರೈಲು 2023ರ ಹೊತ್ತಿಗೆ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಒಂದೇ ಓಟ ಓಡತೊಡಗಿತು. 2025ರಲ್ಲಿ ಬೊಮ್ಮಸಂದ್ರದ ಹಳದಿ ಮಾರ್ಗವೂ ತೆರೆಯಿತು. ಕಬ್ಬನ್ ಪಾರ್ಕಿಗೆ ಅದರದ್ದೇ ನಿಲ್ದಾಣವಿದೆ, ಲಾಲ್‌ಬಾಗಿಗೂ ಇದೆ. ಮೂರು ಅಡಿಗಿಂತ ಕಡಿಮೆ ಎತ್ತರದ ಮಗುವಿಗೆ ಟಿಕೆಟ್ ಬೇಡ. ಲಿಫ್ಟ್ ಇರುವುದರಿಂದ ಅಜ್ಜಿ ತಾತಂದಿರೂ ಗಾಲಿಕುರ್ಚಿಯವರೂ ಜೊತೆಗೆ ಬರಬಹುದು. ಐದು ವರ್ಷದ ಮಗುವಿಗೆ ಮೆಟ್ರೋ ಬರೀ ದಾರಿಯಲ್ಲ, ಅದೇ ವಿಹಾರ. ಸುರಂಗದೊಳಗೆ ಹೊಕ್ಕು ಸೇತುವೆಯ ಮೇಲೆ ಏಳುವುದನ್ನು ಕಿಟಕಿಯ ಪಕ್ಕ ನಿಂತು ನೋಡಿದರೆ ಅರ್ಧ ದಿನದ ಸಂತೋಷ ಅಲ್ಲೇ ಸಿಕ್ಕಿಬಿಡುತ್ತದೆ.

ತಾಯಿ: ಸ್ಕೂಟರಿನ ಮನೆಗಳೇ ಹೆಚ್ಚು.

ಮೇಷ್ಟ್ರು: ಅದಕ್ಕೆ ಕಾನೂನಿದೆ. 2023ರ ಫೆಬ್ರವರಿಯಿಂದ ಜಾರಿಗೆ ಬಂದ ಕೇಂದ್ರದ ನಿಯಮದಂತೆ ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ತಲೆಗೆ ಸರಿಹೊಂದುವ ಹೆಲ್ಮೆಟ್ ಇರಬೇಕು. ನಾಲ್ಕು ವರ್ಷದೊಳಗಿನ ಮಗುವನ್ನು ಸವಾರರ ಮೈಗೆ ಬಿಗಿಯುವ ಪಟ್ಟಿಯೂ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ನಾಲ್ಕು ದಾಟಿದವರಿಗೂ ಹೆಲ್ಮೆಟ್ ಕಡ್ಡಾಯ. ಅಪ್ಪನ ತಲೆಗೆ ಹೆಲ್ಮೆಟ್, ಮುಂದೆ ನಿಂತ ಮಗುವಿನ ತಲೆಗೆ ಉಣ್ಣೆ ಟೋಪಿ, ಈ ದೃಶ್ಯ ಇನ್ನೂ ಪ್ರತಿ ಸಿಗ್ನಲಿನಲ್ಲಿ ಕಾಣುತ್ತದೆ.

ತಾಯಿ: ಬನ್ನೇರುಘಟ್ಟ ನೋಡದೆ ಮಕ್ಕಳು ಬಿಡುವುದಿಲ್ಲ.

ಮೇಷ್ಟ್ರು: ನೋಡಬೇಕಾದ್ದೇ. ಆದರೆ ಅದು ಇಡೀ ದಿನದ ಕೆಲಸ. ಊರಿನಿಂದ ಸುಮಾರು 22 ಕಿಲೋಮೀಟರ್. ಮೆಜೆಸ್ಟಿಕ್‌ನಿಂದ 365ನೇ ನಂಬರಿನ ಬಸ್ಸುಗಳಿವೆ. ಮಂಗಳವಾರ ರಜೆ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಸಫಾರಿಯನ್ನು ಮೊದಲು ಮುಗಿಸಬೇಕು. ಬಿಸಿಲೇರಿದ ಮೇಲೆ ಹುಲಿ ಸಿಂಹಗಳು ನೆರಳಲ್ಲಿ ಮಲಗಿಬಿಡುತ್ತವೆ, ಸರದಿಯೂ ಉದ್ದವಾಗುತ್ತದೆ. ಸಫಾರಿ ಬಸ್ಸಿನಲ್ಲಿ ಕುಳಿತ ಸಣ್ಣವರಿಗೆ ದೂರದ ಕರಡಿಗಿಂತ ಕೈಯಳತೆಯ ಚಿಟ್ಟೆ ಹೆಚ್ಚು ಪ್ರಿಯ. 2006ರಲ್ಲಿ ತೆರೆದ ಅಲ್ಲಿನ ಚಿಟ್ಟೆ ಪಾರ್ಕನ್ನು ಕೊನೆಗೆ ಇಟ್ಟುಕೊಂಡರೆ ದಣಿದ ಮಕ್ಕಳೂ ಅಲ್ಲಿ ಚೇತರಿಸಿಕೊಳ್ಳುತ್ತಾರೆ. ಪ್ರಾಣಿ ನೋಡಲು ಅಷ್ಟು ದೂರ ಹೋಗಲಾಗದವರಿಗೆ ಕೆರೆಗಳಿವೆ. ಜಕ್ಕೂರು ಕೆರೆಯ ದಂಡೆಯಲ್ಲಿ ಹೆಜ್ಜಾರ್ಲೆ, ಕೊಕ್ಕರೆ, ರೆಕ್ಕೆ ಹರಡಿ ಒಣಗಿಸಿಕೊಳ್ಳುವ ನೀರುಕಾಗೆ ಎಲ್ಲವೂ ಬರಿಗಣ್ಣಿಗೇ ಕಾಣುತ್ತವೆ. ಖರ್ಚೂ ಇಲ್ಲ.

ತಾಯಿ: ಒಂದು ಮಾತು ಒಪ್ಪಲೇಬೇಕು, ಮೇಷ್ಟ್ರೇ. ಮಾಲ್‌ನಲ್ಲಿ ಚೊಕ್ಕಟವಾದ ಟಾಯ್ಲೆಟ್ ಇದೆ, ಮಗುವಿಗೆ ಹಾಲೂಡಿಸಲು, ಡೈಪರ್ ಬದಲಿಸಲು ಕೋಣೆ ಇದೆ. ಪಾರ್ಕಿನಲ್ಲಿ ಏನಿದೆ? ತಾಯಂದಿರು ಮಾಲ್‌ಗೆ ಹೋಗುವುದು ಅಂಗಡಿಯ ಆಸೆಗಲ್ಲ.

ಮೇಷ್ಟ್ರು: ಒಪ್ಪಿದೆ. ಇದು ಊರಿನ ಆಡಳಿತ ಉತ್ತರ ಕೊಡಬೇಕಾದ ಪ್ರಶ್ನೆ. ಅಲ್ಲಿಯವರೆಗೆ ಉಪಾಯವೆಂದರೆ ಹೊರಡುವ ಜಾಗದ ಜೊತೆಗೆ ಟಾಯ್ಲೆಟ್ಟಿನ ಜಾಗವನ್ನೂ ಗೊತ್ತುಮಾಡಿಕೊಳ್ಳುವುದು. ಮೆಟ್ರೋ ನಿಲ್ದಾಣ, ವಸ್ತುಸಂಗ್ರಹಾಲಯ, ಬೆಳಗಿನ ತಿಂಡಿಗೆ ಕೂರುವ ಹೋಟೆಲ್, ಈ ಮೂರರಲ್ಲಿ ಒಂದು ಹತ್ತು ನಿಮಿಷದ ನಡಿಗೆಯಲ್ಲಿರಬೇಕು. ಲಾಲ್‌ಬಾಗಿಗೆ ಹೋದವರು ಸುತ್ತು ಮುಗಿಸಿ ಹೋಟೆಲಿನಲ್ಲಿ ಇಡ್ಲಿ ತಿಂದು ಮನೆಗೆ ಹೋಗುವ ಹಳೆಯ ಪದ್ಧತಿಯಲ್ಲಿ ಈ ಜಾಣತನವೂ ಅಡಗಿದೆ. ಬುತ್ತಿ ಒಯ್ಯುವುದಾದರೆ ಗೇಟಿನ ಫಲಕ ಓದಬೇಕು. ಎಲ್ಲ ತೋಟಗಳಲ್ಲೂ ಕೂತು ಉಣ್ಣಲು ಬಿಡುವುದಿಲ್ಲ. ಚಿತ್ರಾನ್ನ, ಮೊಸರನ್ನಕ್ಕಿಂತ ಬಾಳೆಹಣ್ಣು, ಚಪಾತಿ ಸುರುಳಿ ಸುಲಭ, ಕೈ ತೊಳೆಯುವ ರಗಳೆಯಿಲ್ಲ. ನೀರು ಮಾತ್ರ ಎಣಿಸಿದ್ದಕ್ಕಿಂತ ಒಂದು ಬಾಟಲಿ ಹೆಚ್ಚಿಗೆ ಇರಲಿ.

ತಾಯಿ: ಬಿಡದಿಯ ವಂಡರ್‌ಲಾ?

ಮೇಷ್ಟ್ರು: ನೀರಾಟದ ಪಾರ್ಕಿನಲ್ಲಿ ವಯಸ್ಸಿಗಿಂತ ಎತ್ತರ ಮುಖ್ಯ. ಟಿಕೆಟ್ಟೂ ಎತ್ತರದ ಮೇಲೆ, ದೊಡ್ಡ ಸವಾರಿಗಳಿಗೆ ಹತ್ತಿಸುವುದೂ ಎತ್ತರ ನೋಡಿ. ಮನೆಯಲ್ಲೇ ಅಳೆದುಕೊಂಡು ಹೋದರೆ ಅಲ್ಲಿ ಅಳುವುದು ತಪ್ಪುತ್ತದೆ. ಬೇರೆ ಬೇರೆ ಎತ್ತರದ ಇಬ್ಬರು ಮಕ್ಕಳಿದ್ದರೆ ದೊಡ್ಡವರೂ ಇಬ್ಬರಿರಬೇಕು.

ತಾಯಿ: ಮೈಸೂರು ರಸ್ತೆಯಲ್ಲಿ ಬೇರೆ ಏನು?

ಮೇಷ್ಟ್ರು: ಕೇತೋಹಳ್ಳಿಯ ದೊಡ್ಡ ಆಲದ ಮರ ಸುಮಾರು ಮೂರು ಎಕರೆ ಹರಡಿದೆ. ಮೂಲ ಕಾಂಡ ರೋಗ ಬಂದು ಸತ್ತುಹೋಗಿದೆ, ಬಿಳಲುಗಳೇ ಕಾಂಡಗಳಾಗಿ ಮರವನ್ನು ಹೊತ್ತಿವೆ. ಮರ ಎಲ್ಲಿ ಶುರುವಾಯಿತು ಎಂದು ಮಕ್ಕಳು ಹುಡುಕುವುದೇ ಒಂದು ಆಟ. ಕೋತಿಗಳಿವೆ, ತಿಂಡಿಯ ಪೊಟ್ಟಣ ಹೊರಗೆ ತೆಗೆಯಬಾರದು. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ತೊಗಲುಗೊಂಬೆ, ಒನಕೆ, ಕಣಜ, ಯಕ್ಷಗಾನದ ಕಿರೀಟ ಎಲ್ಲವೂ ಒಂದೆಡೆ ಇವೆ. ಅಜ್ಜ ಅಜ್ಜಿಯನ್ನು ಕರೆದೊಯ್ಯದಿದ್ದರೆ ಅರ್ಧ ನಷ್ಟ, ಬೀಸುವ ಕಲ್ಲು ಹೇಗೆ ತಿರುಗಿಸುತ್ತಿದ್ದರು ಎಂಬುದನ್ನು ಫಲಕ ಹೇಳಲಾರದು. ಮುಂದೆ ಚನ್ನಪಟ್ಟಣದಲ್ಲಿ ಹಾಲೆಮರದ ಆಟಿಕೆಗಳನ್ನು ಚರಕಿಯ ಮೇಲೆ ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹಿಡಿಸುವುದನ್ನು ನೋಡಬಹುದು. ಕೊಂಡ ಬುಗುರಿಗಿಂತ ತಯಾರಾಗುವುದನ್ನು ಕಂಡ ಬುಗುರಿ ಹೆಚ್ಚು ದಿನ ಬಾಳುತ್ತದೆ.

ತಾಯಿ: ಹಬ್ಬ ಜಾತ್ರೆಗಳನ್ನು ಬಿಟ್ಟೇಬಿಟ್ಟಿರಿ.

ಮೇಷ್ಟ್ರು: ಬಿಡುವಂತಿಲ್ಲ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಸುತ್ತ ಕಡಲೆಕಾಯಿ ಪರಿಷೆ. ರೈತರ ಬೆಳೆಯನ್ನೆಲ್ಲ ತಿಂದುಹಾಕುತ್ತಿದ್ದ ಬಸವನ ಕತೆಯನ್ನು ಹಿಂದಿನ ರಾತ್ರಿಯೇ ಹೇಳಿಟ್ಟರೆ ಮಗು ಕಡಲೆಕಾಯಿಯ ರಾಶಿಯನ್ನು ಬೇರೆ ಕಣ್ಣಿನಿಂದ ನೋಡುತ್ತದೆ. ಹೊಸ ವರ್ಷದ ಮೊದಲಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ. ಬೀದಿಯೇ ಗ್ಯಾಲರಿಯಾಗುತ್ತದೆ, ಕುಳಿತಲ್ಲೇ ಮುಖ ಬರೆದುಕೊಡುವ ಕಲಾವಿದರ ಮುಂದೆ ಮಕ್ಕಳು ಅಲುಗಾಡದೆ ಕೂರುತ್ತಾರೆ. ನವರಾತ್ರಿಯಲ್ಲಿ ಗೊಂಬೆ ಕೂರಿಸಿದ ನಾಲ್ಕು ಮನೆಗೆ ಹೋಗಿಬರುವುದೂ ವಿಹಾರವೇ. ಪ್ರತಿ ಮನೆಯಲ್ಲೂ ಚರಪು ಸಿಗುವ ವಿಹಾರ.

ತಾಯಿ: ಪರಿಷೆಯಂಥ ಜನಜಂಗುಳಿಯಲ್ಲಿ ಮಗು ಕೈತಪ್ಪಿದರೆ?

ಮೇಷ್ಟ್ರು: ಅದರ ತಯಾರಿ ಮನೆಯಲ್ಲೇ ಆಗಬೇಕು. ಐದು ದಾಟಿದ ಮಗುವಿಗೆ ಅಪ್ಪ ಅಮ್ಮನ ಪೂರ್ತಿ ಹೆಸರು, ಒಂದು ಫೋನ್ ನಂಬರು ಬಾಯಿಪಾಠ ಇರಬೇಕು. ಸಣ್ಣವರಾದರೆ ನಂಬರನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕುವುದು, ಇಲ್ಲವೇ ಮುಂಗೈ ಮೇಲೆ ಪೆನ್ನಿನಿಂದ ಬರೆಯುವುದು. ಮಗುವಿನ ಹೆಸರನ್ನು ಹೊರಗೆ ಕಾಣುವಂತೆ ಬರೆಯಬಾರದು. ಹೆಸರು ಹಿಡಿದು ಕರೆದವರನ್ನು ಮಕ್ಕಳು ಪರಿಚಿತರೆಂದು ನಂಬುತ್ತಾರೆ. ಹೊರಡುವ ಮುನ್ನ ಫೋನಿನಲ್ಲಿ ಅಂದಿನ ಬಟ್ಟೆಯಲ್ಲಿರುವ ಒಂದು ಫೋಟೋ ತೆಗೆದಿಟ್ಟುಕೊಂಡರೆ ಪೊಲೀಸರಿಗೆ ತೋರಿಸಲು ಅನುಕೂಲ. ತಪ್ಪಿಸಿಕೊಂಡರೆ ಹುಡುಕುತ್ತ ಅಲೆಯಬೇಡ, ಇದ್ದಲ್ಲೇ ನಿಲ್ಲು, ಸಮವಸ್ತ್ರದ ಪೊಲೀಸರಿಗೋ ಮಕ್ಕಳ ಜೊತೆ ಇರುವ ಯಾವುದಾದರೂ ತಾಯಿಗೋ ಹೇಳು ಎಂದು ಕಲಿಸಬೇಕು. ದೊಡ್ಡವರಲ್ಲಿ ಒಬ್ಬರು ಮಗು ಕೊನೆಗೆ ಕಂಡ ಜಾಗದಲ್ಲೇ ನಿಲ್ಲಬೇಕು, ಇನ್ನೊಬ್ಬರು ಹುಡುಕಲು ಹೋಗಬೇಕು. ಇಬ್ಬರೂ ಒಟ್ಟಿಗೆ ಓಡಿದರೆ ಮಗು ಮರಳಿ ಬಂದರೂ ಅಲ್ಲಿ ಯಾರೂ ಇರುವುದಿಲ್ಲ. ಹತ್ತು ನಿಮಿಷ ನಾವೇ ಹುಡುಕೋಣ ಎಂದು ಕಾಯದೆ ಪರಿಷೆಯ ಪೊಲೀಸ್ ಚೌಕಿಗೆ ಹೇಳಿ ಮೈಕಿನಲ್ಲಿ ಕೂಗಿಸಬೇಕು. ತುರ್ತು ಕರೆಗೆ 112, ಮಕ್ಕಳ ಸಹಾಯವಾಣಿಗೆ 1098. ಎರಡಕ್ಕೂ ಕಾಸಿಲ್ಲ, ಹಗಲು ರಾತ್ರಿ ಕರೆ ಮಾಡಬಹುದು.